ಕೋವಿಗೆ ತಕ್ಕ ತೋಟಾ

ಕೊಡಗಿನಲ್ಲಿ ಗದ್ದೆಯ ನಾಟಿ ಮುಗಿದು ಸೆಪ್ಟೆಂಬರ್ ತಿಂಗಳು ಕಾಲಿಡುತ್ತಲೇ ಕೈಲ್ ಪೊಳ್ದ್ ಹಬ್ಬ ಬರುತ್ತದೆ. ಅಂದು ಮನೆಯ ಕೋವಿ ಕತ್ತಿಗಳನ್ನು ಶುಚಿಮಾಡಿ ಸಾಲಾಗಿರಿಸಿ, ‘ತೋಕ್ ಪೂ’ ಎಂಬ ಕೆಂಪು ಹಳದಿ ಬಣ್ಣದ ಹೂವಿನಿಂದ ಅಲಂಕರಿಸಿ ಪೂಜಿಸುವರು. ಕೊಡವ ಭಾಷೆಯಲ್ಲಿ ತೋಕ್ ಎಂದರೆ ಕೋವಿ. ಸಸ್ಯಶಾಸ್ತ್ರದಲ್ಲಿ ಈ ಹೂವಿಗೆ ಗ್ಲೋರಿಯೋಸ ಸುಪರ್ಬ ಎಂದು ಹೆಸರು. ಪೂಜೆಯಾದ ಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ನಡೆಯುತ್ತದೆ. ೧೮೬೧ರಲ್ಲಿ ಬ್ರಿಟಿಷ್ ಆಡಳಿತವು ಆಯುಧಗಳ ಶಾಸನದಿಂದ ಕೊಡವರಿಗೆ ನೀಡಿದ ವಿನಾಯಿತಿಯು ರೂಪ ಬದಲಿಸುತ್ತ ಈ ಕಾಲಕ್ಕೂ ಉಳಿದು ಬಂದಿದೆ. ೨೦೧೯ರಲ್ಲಿ ಕೇಂದ್ರ ಸರಕಾರವು ಅದನ್ನು ೨೦೨೯ರವರೆಗೆ ಮುಂದುವರಿಸಿತು. ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಆದುದರಿಂದ ಅಜ್ಜನ ಕಾಲದ ಕೋವಿ ಮೊಮ್ಮಗನ ಕೈಗೆ ಬರುವುದು ಅಲ್ಲಿ ಅಪರೂಪವೇನಲ್ಲ. ಅಂಥ ಕೋವಿಯೊಳಗೆ ಇಂದಿನ ಅಂಗಡಿಯ ತೋಟಾ ಸರಾಗವಾಗಿ ಕೂರಬಹುದು. ಆದರೆ ಕೂತಿತೆಂದ ಮಾತ್ರಕ್ಕೆ ಅದು ಆ ಕೋವಿಗೆ ತಕ್ಕದ್ದಾಯಿತೆ?

ಈ ಪ್ರಶ್ನೆಯು ಹಳೆಯ ಕೋವಿಗೆ ಮಾತ್ರ ಸೇರಿದ್ದಲ್ಲ. ಈಡು ಹಾರಿದೊಡನೆ ಬರಿದಾದ ತೋಟಾವನ್ನು ತಾನೇ ಹೊರಕ್ಕೆಸೆದು, ಹೊಸದನ್ನು ತಾನೇ ತುಂಬಿಕೊಳ್ಳುವ ಅರೆ ಸ್ವಯಂಚಾಲಿತ ಕೋವಿಯಲ್ಲಿ ಅದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಜೋಡುನಳಿಗೆಯ ಕೋವಿಯು ತನಗೆ ಹೊಂದದ ತೋಟಾವನ್ನು ಬಹುಕಾಲ ಸದ್ದಿಲ್ಲದೆ ಸಹಿಸಿಕೊಳ್ಳುತ್ತದೆ. ಸ್ವಯಂಚಾಲಿತ ಕೋವಿಯಾದರೋ ಹಲವು ವೇಳೆ ಒಡನೆಯೇ ನಿಂತುಬಿಡುತ್ತದೆ. ಆದುದರಿಂದ ಮೊದಲು ಅಂಥ ಕೋವಿಯನ್ನು ಬಗೆಬಗೆಯ ತೋಟಾಗಳೊಡನೆ ಪರೀಕ್ಷಿಸುವ ರೀತಿಯನ್ನು ತಿಳಿದುಕೊಂಡು, ಅಲ್ಲಿ ಕಲಿತುದನ್ನು ಹಳೆಯ ಕೋವಿಗೂ ಅನ್ವಯಿಸಿ ನೋಡೋಣ.

ತೋಟಾದ ಒಳಗೆ

ಕಾಡತೂಸು ಎಂದೂ ಕರೆಯುವ ತೋಟಾವು ಒಂದು ಪುಟ್ಟ ಕೊಳವೆ. ಅದರ ಬುಡಕ್ಕೆ ಲೋಹದ ಬಟ್ಟಲು. ಬಟ್ಟಲಿನ ನಡುವೆ, ಪೆಟ್ಟು ಬಿದ್ದರೆ ಕಿಡಿಯಾಗುವ ಕೇಪು. ಕೇಪಿನ ಮುಂದೆ ಮದ್ದು. ಮದ್ದಿನ ಮೇಲೆ ಮೆತ್ತೆ. ಮೆತ್ತೆಯ ಮೇಲೆ ಚರೆಗಳು. ಕೊಳವೆಯ ಬಾಯನ್ನು ಮಡಿಚಿ ಮುಚ್ಚಿರುತ್ತಾರೆ. ಹಿಂದೆ ಈ ಕೊಳವೆಯನ್ನು ಕಾಗದದಿಂದ ಮಾಡುತ್ತಿದ್ದರು. ಮಳೆಗಾಲದ ತೇವವನ್ನು ಹೀರಿ ಕಾಗದವು ಉಬ್ಬಿದರೆ ತೋಟಾ ನಳಿಗೆಯೊಳಗೆ ಹೋಗುತ್ತಲೇ ಇರಲಿಲ್ಲ. ೧೯೬೦ರಿಂದ ಈಚೆಗೆ ಪ್ಲಾಸ್ಟಿಕ್ಕಿನ ಕೊಳವೆ ಬಳಕೆಗೆ ಬಂದು ಈ ತೊಂದರೆ ತಪ್ಪಿತು. ನಮ್ಮ ದೇಶದಲ್ಲಿ ಹೆಸರಾದ ಶಕ್ತಿಮಾನ್ ತೋಟಾಗಳು ಪುಣೆಯ ಬಳಿಯ ಖಡಕಿಯ ಕಾರ್ಖಾನೆಯಲ್ಲಿ ತಯಾರಾಗುವಂಥವು. ಆ ಕಾರ್ಖಾನೆಯು ೨೦೨೧ರಲ್ಲಿ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರಕಾರಿ ಕಂಪನಿಗೆ ಸೇರಿತು.

‘ಹನ್ನೆರಡು ಬೋರು’ ಎಂಬ ಮಾತನ್ನು ಅನೇಕರು ಕೇಳಿರುವರು. ಅದರ ಅರ್ಥವನ್ನು ಬಲ್ಲವರು ಕಡಮೆ. ಒಂದು ಪೌಂಡು ಸೀಸವನ್ನು ಸಮನಾದ ಹನ್ನೆರಡು ಗುಂಡುಗಳಾಗಿ ಮಾಡಿದರೆ, ಅಂಥ ಒಂದು ಗುಂಡು ಸರಿಯಾಗಿ ಹಿಡಿಸುವ ನಳಿಗೆಯೇ ಹನ್ನೆರಡು ಬೋರು. ಪೌಂಡಿಗೆ ೪೫೩.೬ ಗ್ರಾಂ, ಆದ್ದರಿಂದ ಒಂದು ಗುಂಡಿನ ತೂಕ ೩೭.೮ ಗ್ರಾಂ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ ೧೧.೩೪ ಗ್ರಾಂ. ಗೋಳದ ಘನಫಲದ ಸೂತ್ರವನ್ನು ಬಲ್ಲ ವಿದ್ಯಾರ್ಥಿಯು ಇಲ್ಲಿಂದ ಗುಂಡಿನ ವ್ಯಾಸವನ್ನು ತಾನೇ ಲೆಕ್ಕಹಾಕಬಹುದು, ಸುಮಾರು ೧೮.೫ ಮಿಲಿಮೀಟರು ಎಂದು ಉತ್ತರ ಬರುತ್ತದೆ. ಇಪ್ಪತ್ತು ಬೋರಿನಲ್ಲಿ ಪೌಂಡಿಗೆ ಇಪ್ಪತ್ತು ಗುಂಡುಗಳಾದ್ದರಿಂದ ಅದರ ನಳಿಗೆ ಹನ್ನೆರಡು ಬೋರಿಗಿಂತ ಸಣ್ಣದು. ಅಂಕೆ ದೊಡ್ಡದಾದಷ್ಟೂ ನಳಿಗೆ ಕಿರಿದಾಗುವ ವಿಚಿತ್ರ ಹೀಗೆ ಉಂಟಾಗಿದೆ.

ಚರೆಗಳಲ್ಲಿಯೂ ಹಲವು ಗಾತ್ರಗಳಿವೆ. ಇಂಗ್ಲಿಷ್ ಪದ್ಧತಿಯಲ್ಲಿ ಎಸ್.ಜಿ. ಎಂಬ ದಪ್ಪ ಚರೆ ಔನ್ಸಿಗೆ ಎಂಟು ತೂಗುತ್ತದೆ. ಆರನೆಯ ನಂಬರಿನ ಚರೆ ಔನ್ಸಿಗೆ ಸುಮಾರು ೨೭೦. ಹನ್ನೆರಡು ಬೋರಿನ ತೋಟಾದಲ್ಲಿ ತುಂಬುವ ಚರೆಗಳ ಒಟ್ಟು ತೂಕವೂ ಒಂದೇ ಆಗಿರುವುದಿಲ್ಲ. ಗುರಿಪಂದ್ಯದ ತೋಟಾದಲ್ಲಿ ೨೪ ಗ್ರಾಂ, ಸಾಮಾನ್ಯ ತೋಟಾದಲ್ಲಿ ೩೦ ಗ್ರಾಮಿನ ಆಸುಪಾಸು, ಭಾರಿ ತೋಟಾದಲ್ಲಿ ೩೬ ಗ್ರಾಂ ಅಥವಾ ಅದಕ್ಕೂ ಮೇಲೆ. ಹೊರಗಿನಿಂದ ನೋಡಿದರೆ ಇವೆಲ್ಲವೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ವ್ಯತ್ಯಾಸವೆಲ್ಲ ಸಿಡಿದ ಮೇಲೆ.

ಒದೆತದ ಲೆಕ್ಕ

ಕೋವಿ ‘ಒದೆಯುತ್ತದೆ’ ಎಂದು ಜನ ಹೇಳುವುದು ನ್ಯೂಟನ್ನನ ಮೂರನೆಯ ನಿಯಮವನ್ನೇ. ಚರೆಗಳು ಮುಂದಕ್ಕೆ ಎಷ್ಟು ಸಂವೇಗವನ್ನು ಪಡೆಯುವುವೋ ಕೋವಿಯು ಹಿಂದಕ್ಕೆ ಅಷ್ಟೇ ಸಂವೇಗವನ್ನು ಪಡೆಯುತ್ತದೆ. ೨೪ ಗ್ರಾಂ ಚರೆ ಸೆಕೆಂಡಿಗೆ ೪೦೦ ಮೀಟರು ವೇಗದಿಂದ ಹೊರಟಿತೆನ್ನೋಣ. ಅದರ ಸಂವೇಗ ೦.೦೨೪ × ೪೦೦, ಅಂದರೆ ೯.೬ ಕಿಲೋಗ್ರಾಂ-ಮೀಟರು ಪ್ರತಿ ಸೆಕೆಂಡಿಗೆ. ಕೋವಿಯ ತೂಕ ೩.೨ ಕಿಲೋಗ್ರಾಂ ಆಗಿದ್ದರೆ ಅದು ಸೆಕೆಂಡಿಗೆ ೩ ಮೀಟರು ವೇಗದಿಂದ ಹೆಗಲಿನತ್ತ ಸರಿಯುತ್ತದೆ. ಅದೇ ವೇಗದ ೩೬ ಗ್ರಾಂ ಚರೆಯಾದರೆ ಕೋವಿಯ ವೇಗ ೪.೫ ಮೀಟರು. ಮೆತ್ತೆಯನ್ನೂ ಮದ್ದಿನ ಅನಿಲವನ್ನೂ ಇಲ್ಲಿ ಬಿಟ್ಟಿದ್ದೇವೆ. ಅವನ್ನು ಸೇರಿಸಿದರೆ ಎರಡು ಸಂಖ್ಯೆಗಳೂ ಸ್ವಲ್ಪ ಏರುತ್ತವೆ.

ಇನ್ನು ಚಲನಶಕ್ತಿಯನ್ನು ನೋಡೋಣ. ಮೊದಲ ತೋಟಾದಿಂದ ಕೋವಿಗೆ ಬಂದ ಶಕ್ತಿ ೧೪.೪ ಜೌಲ್, ಎರಡನೆಯದರಿಂದ ೩೨.೪ ಜೌಲ್. ಚರೆಯ ಭಾರ ಒಂದೂವರೆ ಪಟ್ಟಾಯಿತು. ಒದೆತದ ಶಕ್ತಿ ಎರಡೂಕಾಲು ಪಟ್ಟಾಯಿತು. ಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದೇ ಇದಕ್ಕೆ ಕಾರಣ. ಹೆಗಲಿಗೆ ಇದು ನೋವಿನ ಮಾತು. ಆದರೆ ಆ ಒದೆತವನ್ನೇ ದುಡಿಸಿಕೊಂಡು ಕೆಲಸ ಮಾಡುವ ಯಂತ್ರಕ್ಕೆ ಇದು ಬದುಕಿನ ಮಾತು.

ತಾನೇ ತುಂಬಿಕೊಳ್ಳುವ ಕೋವಿ

ಅಂಥ ಕೋವಿಯು ಕಣ್ಣು ಮಿಟುಕಿಸುವುದರೊಳಗೆ ಐದು ಕೆಲಸಗಳನ್ನು ಮಾಡಬೇಕು. ನಳಿಗೆಯ ಹಿಂಬದಿಯನ್ನು ಮುಚ್ಚಿರುವ ಬೋಲ್ಟ್ ಎಂಬ ಉಕ್ಕಿನ ಅಗುಳಿಯನ್ನು ಬಿಡಿಸಬೇಕು. ಬರಿದಾದ ತೋಟಾವನ್ನು ಸೆಳೆದು ಹೊರಕ್ಕೆಸೆಯಬೇಕು. ಹೊಡೆಯುವ ಸುತ್ತಿಗೆಯನ್ನು ಮತ್ತೆ ಹೂಡಬೇಕು. ಹೊಸ ತೋಟಾವನ್ನು ಮೇಲೆತ್ತಿ ಒಳಕ್ಕೆ ತಳ್ಳಬೇಕು. ಅಗುಳಿಯನ್ನು ಮತ್ತೆ ಭದ್ರಪಡಿಸಬೇಕು. ಇಷ್ಟಕ್ಕೂ ಬೇಕಾದ ಶಕ್ತಿಯು ಹಾರಿಹೋದ ಈಡಿನಿಂದಲೇ ಬರಬೇಕು. ಶಕ್ತಿ ಸಾಲದಿದ್ದರೆ ಅಗುಳಿಯು ಅರ್ಧ ದಾರಿಯಲ್ಲಿ ಹಿಂತಿರುಗಿ, ಬರಿಯ ತೋಟಾ ಬಾಗಿಲಿನಲ್ಲಿ ಸಿಕ್ಕಿಬೀಳುತ್ತದೆ. ಶಕ್ತಿ ಅತಿಯಾದರೆ ಅಗುಳಿಯು ಹಿಂಬದಿಯ ಗೋಡೆಗೆ ಬಡಿದು, ದಿನ ಕಳೆದಂತೆ ಕೋವಿಯನ್ನೇ ಒಡೆಯುತ್ತದೆ. ಕೊರತೆ ಮಿತಿಗಳೆರಡರ ನಡುವೆ ಒಂದು ಹಾದಿ ಉಂಟು. ತೋಟಾವು ಆ ಹಾದಿಯಲ್ಲಿ ನಡೆಯಬೇಕು.

ಈ ತೊಡಕನ್ನು ಮೊದಲು ಬಿಡಿಸಿ ಜನಬಳಕೆಯ ಕೋವಿಯನ್ನು ಕೊಟ್ಟವನು ಅಮೆರಿಕದ ಜಾನ್ ಬ್ರೌನಿಂಗ್. ಅವನು ೧೮೯೮ರಲ್ಲಿ ರೂಪಿಸಿದ ಕೋವಿಯು ೧೯೦೨ರಿಂದ ಬೆಲ್ಜಿಯಮ್ಮಿನಲ್ಲಿ ತಯಾರಾಗತೊಡಗಿತು. ಅದರಲ್ಲಿ ನಳಿಗೆಯೂ ಅಗುಳಿಯೂ ಒಂದಕ್ಕೊಂದು ಕಚ್ಚಿಕೊಂಡೇ ಹಿಂದಕ್ಕೆ ಸರಿಯುತ್ತವೆ. ಆಮೇಲೆ ನಳಿಗೆ ಮುಂದಕ್ಕೆ ಹೋಗುತ್ತದೆ, ಅಗುಳಿ ಅದನ್ನು ಹಿಂಬಾಲಿಸುತ್ತದೆ. ಹಗುರ ತೋಟಾ, ಭಾರಿ ತೋಟಾಗಳ ವ್ಯತ್ಯಾಸವನ್ನು ಸರಿದೂಗಿಸಲು ಬ್ರೌನಿಂಗನು ಒಂದು ಉಕ್ಕಿನ ಬಳೆಯನ್ನು ಇಟ್ಟನು. ಭಾರಿ ತೋಟಾಕ್ಕೆ ಬಳೆಯನ್ನು ಒಂದು ಕಡೆ ತೊಡಿಸಿದರೆ ಅದು ಘರ್ಷಣೆಯಿಂದ ನಳಿಗೆಯ ಓಟಕ್ಕೆ ತಡೆಯೊಡ್ಡುತ್ತದೆ. ಹಗುರ ತೋಟಾಕ್ಕೆ ಅದನ್ನು ಬೇರೆ ಕಡೆಗೆ ಸರಿಸಿದರೆ ಆ ತಡೆ ತಪ್ಪುತ್ತದೆ. ತೋಟಾ ಬದಲಾದಾಗ ಬಳೆಯನ್ನು ಬದಲಿಸಲು ಮರೆತವನ ಕೋವಿಯ ಮರದ ಹಿಡಿ ಬಿರುಕುಬಿಟ್ಟರೆ ಅದು ಬ್ರೌನಿಂಗನ ತಪ್ಪಲ್ಲ.

ಎರಡನೆಯ ಬಗೆಯ ಕೋವಿಯಲ್ಲಿ ನಳಿಗೆ ಅಲುಗುವುದಿಲ್ಲ. ನಳಿಗೆಯಲ್ಲಿ ಕೊರೆದ ಸಣ್ಣ ರಂಧ್ರದ ಮೂಲಕ ಉರಿದ ಮದ್ದಿನ ಅನಿಲದಲ್ಲಿ ಒಂದಿಷ್ಟು ಹೊರಬಂದು, ಒಂದು ಕೊಂತವನ್ನು ಹಿಂದಕ್ಕೆ ನೂಕುತ್ತದೆ. ಕೊಂತವು ಅಗುಳಿಯನ್ನು ನೂಕುತ್ತದೆ. ೧೯೬೩ರಲ್ಲಿ ಬಂದ ರೆಮಿಂಗ್ಟನ್ ೧೧೦೦ ಈ ಜಾತಿಯಲ್ಲಿ ಪ್ರಸಿದ್ಧವಾದುದು. ಇದರಲ್ಲಿ ರಂಧ್ರದ ಗಾತ್ರವೇ ಗುಟ್ಟು. ದೊಡ್ಡದಾದರೆ ಭಾರಿ ತೋಟಾ ಯಂತ್ರವನ್ನು ಬಡಿಯುತ್ತದೆ. ಚಿಕ್ಕದಾದರೆ ಹಗುರ ತೋಟಾ ಅದನ್ನು ನಡೆಸಲಾರದು. ಈಚಿನ ಅನೇಕ ಕೋವಿಗಳಲ್ಲಿ ಹೆಚ್ಚಾದ ಅನಿಲವನ್ನು ಹೊರಬಿಡುವ ಕವಾಟವಿದೆ. ನಮ್ಮ ಅಡುಗೆಮನೆಯ ಕುಕ್ಕರು ಸೀಟಿ ಹಾಕುವುದೂ ಇದೇ ತತ್ತ್ವದಿಂದ.

ಮೂರನೆಯದು ಜಡತ್ವದ ಕೋವಿ. ೧೯೬೦ರ ದಶಕದ ಕೊನೆಯಲ್ಲಿ ಇಟಲಿಯ ಬ್ರೂನೊ ಚಿವೊಲಾನಿಯ ಕಲ್ಪನೆಯಿಂದ ಅದು ಹುಟ್ಟಿತು. ಬನಶಂಕರಿಯ ನಿಲ್ದಾಣದಿಂದ ಜಯನಗರದ ಕಡೆಗೆ ಬಸ್ಸು ತಟ್ಟನೆ ಹೊರಟಾಗ ಒಳಗೆ ನಿಂತವರು ಹಿಂದಕ್ಕೆ ವಾಲುವರಷ್ಟೆ. ಬಸ್ಸು ಚಲಿಸಿತು, ಅವರ ದೇಹ ಇದ್ದಲ್ಲೇ ಇರಲು ಬಯಸಿತು. ಈ ಕೋವಿಯಲ್ಲಿಯೂ ಹಾಗೆಯೇ. ಕೋವಿ ಹಿಂದಕ್ಕೆ ಜಿಗಿಯುವಾಗ ಅಗುಳಿಯ ಭಾರವಾದ ಭಾಗವು ಇದ್ದಲ್ಲೇ ಉಳಿಯಬಯಸುತ್ತದೆ; ನಡುವಿನ ಗಡುಸಾದ ಸ್ಪ್ರಿಂಗು ಅದುಮಿಕೊಳ್ಳುತ್ತದೆ; ಮರುಕ್ಷಣದಲ್ಲಿ ಅದು ಬಿಚ್ಚಿಕೊಂಡು ಅಗುಳಿಯನ್ನು ಹಿಂದಕ್ಕೆಸೆಯುತ್ತದೆ. ಬಸ್ಸು ಮೆಲ್ಲನೆ ಹೊರಟರೆ ಯಾರೂ ವಾಲುವುದಿಲ್ಲ. ಹಾಗೆಯೇ ತೋಟಾ ತೀರ ಹಗುರವಾದರೂ, ಕೋವಿಯ ಹಿಂಬದಿಯನ್ನು ಅಲುಗದ ವಸ್ತುವಿಗೆ ಒತ್ತಿ ಹಿಡಿದರೂ ಈ ಯಂತ್ರವು ಕೆಲಸ ಮಾಡದೆ ನಿಲ್ಲಬಹುದು. ಆದ್ದರಿಂದ ಪರೀಕ್ಷೆಯಲ್ಲಿ ಕೋವಿ ಮತ್ತು ತೋಟಾಗಳ ಜೊತೆಗೆ ಹೆಗಲನ್ನೂ ಯಂತ್ರದ ಭಾಗವೆಂದೇ ಎಣಿಸಬೇಕು.

ಪರೀಕ್ಷೆಯ ಕ್ರಮ

ಇಂಥ ಪರೀಕ್ಷೆಗಳನ್ನು ಪರವಾನಗಿಯುಳ್ಳ ಗುರಿಮೈದಾನದಲ್ಲಿ ಬಲ್ಲವರು ನಡೆಸುವರು. ಅದರ ಕ್ರಮವಾದರೋ ನಮ್ಮ ಕಾಲೇಜಿನ ಪ್ರಯೋಗಶಾಲೆಯ ಕ್ರಮವೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಕೋವಿ ಅದೇ, ಹೊಡೆಯುವವನು ಅವನೇ, ಹಿಡಿಯುವ ರೀತಿ ಅದೇ. ಬದಲಾಗುವುದು ತೋಟಾ ಮಾತ್ರ. ಪ್ರತಿ ಈಡಿಗೂ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳುವರು. ಕೇಪು ಸಿಡಿಯಿತೆ? ಬರಿಯ ತೋಟಾ ಹೊರಬಿತ್ತೆ? ಎಷ್ಟು ದೂರ ಬಿತ್ತು? ಮುಂದಿನದು ಒಳಕ್ಕೆ ಬಂದಿತೆ? ಮೂರನೆಯ ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ಬರಿಯ ತೋಟಾ ಬಿದ್ದ ದೂರವು ಯಂತ್ರದಲ್ಲಿ ಮಿಕ್ಕ ಶಕ್ತಿಯ ಸುಲಭವಾದ ಅಳತೆ. ಕಾಲಬುಡದಲ್ಲೇ ಬೀಳುವ ತೋಟಾವು, ಇಂದು ಕೆಲಸ ನಡೆದಿದ್ದರೂ ನಾಳೆ ನಿಲ್ಲಬಹುದೆಂಬ ಸೂಚನೆ.

ಇಲ್ಲಿ ಒಂದು ಮೋಸ ಅಡಗಿದೆ. ಮೊದಲು ಭಾರಿ ತೋಟಾಗಳನ್ನೆಲ್ಲ ಹೊಡೆದು ಕೊನೆಗೆ ಹಗುರ ತೋಟಾಗಳನ್ನು ಹೊಡೆದರೆ, ಅಷ್ಟು ಹೊತ್ತಿಗೆ ಕೋವಿಯೊಳಗೆ ಮಸಿ ಕಟ್ಟಿ ಘರ್ಷಣೆ ಹೆಚ್ಚಿರುತ್ತದೆ. ಹಗುರ ತೋಟಾ ಸೋತಾಗ ಅದು ತೋಟಾದ ದೋಷವೋ ಮಸಿಯ ದೋಷವೋ ಹೇಳುವುದು ಹೇಗೆ? ಆದುದರಿಂದ ಬಗೆಗಳನ್ನು ಅದಲುಬದಲು ಮಾಡಿ ಹೊಡೆಯಬೇಕು, ಇಲ್ಲವೆ ಪ್ರತಿ ಬಗೆಗೂ ಮೊದಲು ಕೋವಿಯನ್ನು ಒಂದೇ ರೀತಿ ಶುಚಿಮಾಡಬೇಕು.

ಇದಕ್ಕಿಂತ ದೊಡ್ಡ ಮೋಸವು ಎಣಿಕೆಯಲ್ಲಿದೆ. ಒಂದು ಪೆಟ್ಟಿಗೆಯ ಇಪ್ಪತ್ತೈದು ತೋಟಾಗಳೂ ತಡೆಯಿಲ್ಲದೆ ಹಾರಿದವು ಎನ್ನೋಣ. ‘ಈ ತೋಟಾ ಈ ಕೋವಿಗೆ ಸರಿ’ ಎಂದು ಬರೆದುಬಿಡಬಹುದೆ? ವಾಸ್ತವದಲ್ಲಿ ಈ ಜೋಡಿ ಹತ್ತಕ್ಕೊಂದು ಸಲ ಸೋಲುವಂಥದೆಂದು ಭಾವಿಸಿ ನೋಡೋಣ. ಒಂದು ಈಡು ಗೆಲ್ಲುವ ಸಂಭವ ೦.೯, ಇಪ್ಪತ್ತೈದೂ ಗೆಲ್ಲುವ ಸಂಭವ ೦.೯ನ್ನು ಇಪ್ಪತ್ತೈದು ಸಲ ಗುಣಿಸಿದಷ್ಟು, ಅಂದರೆ ಸುಮಾರು ೦.೦೭. ಹತ್ತಕ್ಕೊಮ್ಮೆ ಕೈಕೊಡುವ ಕೋವಿಯೂ ನೂರು ಪರೀಕ್ಷೆಗಳಲ್ಲಿ ಏಳು ಸಲ ಪೂರ್ಣ ಅಂಕ ಗಳಿಸಿಬಿಡುತ್ತದೆ! ಸೋಲು ನೂರಕ್ಕೊಂದಕ್ಕಿಂತ ಕಡಮೆ ಎಂದು ಒಂದಿಷ್ಟು ಭರವಸೆಯಿಂದ ಹೇಳಬೇಕಾದರೆ ಸುಮಾರು ಮುನ್ನೂರು ಈಡುಗಳು ಸತತವಾಗಿ ಗೆಲ್ಲಬೇಕು. ಔಷಧಿಯ ಪರೀಕ್ಷೆಗೂ ಬಲ್ಬಿನ ಪರೀಕ್ಷೆಗೂ ಇದೇ ಗಣಿತ. ಸೋಲನ್ನು ಕಾಣದಿರುವುದು ಬೇರೆ, ಸೋಲು ಇಲ್ಲದಿರುವುದು ಬೇರೆ.

ಚರೆಗಳ ಹರಹು

ಯಂತ್ರ ನಡೆದರೆ ಸಾಲದು. ಚರೆಗಳು ಗುರಿಯನ್ನು ಮುಟ್ಟಬೇಕು. ಇದನ್ನಳೆಯಲು ೪೦ ಗಜ ದೂರದಲ್ಲಿ, ಎಂದರೆ ಎರಡು ಕ್ರಿಕೆಟ್ ಪಿಚ್ಚುಗಳ ಉದ್ದಕ್ಕಿಂತ ತುಸು ಕಡಮೆಯಲ್ಲಿ, ದೊಡ್ಡ ಕಾಗದವನ್ನು ನಿಲ್ಲಿಸಿ ಹೊಡೆಯುವರು. ಬಳಿಕ ತೂತುಗಳು ದಟ್ಟವಾಗಿರುವ ಕಡೆ ೩೦ ಅಂಗುಲ ವ್ಯಾಸದ ವೃತ್ತವನ್ನೆಳೆದು, ಒಟ್ಟು ಚರೆಗಳಲ್ಲಿ ಶೇಕಡ ಎಷ್ಟು ಅದರೊಳಗೆ ಬಿದ್ದಿವೆ ಎಂದು ಎಣಿಸುವರು. ಬಾಯಿಯವರೆಗೂ ಒಂದೇ ಅಗಲವಿರುವ ನಳಿಗೆಯಲ್ಲಿ ಇದು ಶೇಕಡ ೪೦ರಷ್ಟು. ಬಾಯಿಯನ್ನು ಪೂರ್ಣವಾಗಿ ಬಿಗಿಮಾಡಿದ, ‘ಫುಲ್ ಚೋಕ್’ ಎನ್ನುವ ನಳಿಗೆಯಲ್ಲಿ ಶೇಕಡ ೭೦ರಷ್ಟು. ಆದರೆ ಅದೇ ನಳಿಗೆಯಿಂದ ಬೇರೆ ತೋಟಾ ಹೊಡೆದರೆ ಈ ಸಂಖ್ಯೆಯೂ ಬದಲಾಗುತ್ತದೆ. ಮೆದು ಸೀಸದ ಚರೆಗಳು ನಳಿಗೆಯೊಳಗಿನ ಒತ್ತಡದಿಂದ ನಜ್ಜಿ, ದಾರಿ ತಪ್ಪಿ ಹರಡುತ್ತವೆ. ಗಡುಸಾದ ಚರೆಗಳು ಒಟ್ಟಾಗಿ ಹೋಗುತ್ತವೆ.

ಸಂಖ್ಯೆಯ ಅರ್ಥವನ್ನು ನೋಡೋಣ. ೨.೪ ಮಿಲಿಮೀಟರು ವ್ಯಾಸದ ಸೀಸದ ಚರೆಗಳು ೨೪ ಗ್ರಾಮಿಗೆ ಸುಮಾರು ಮುನ್ನೂರು. ಗುರಿಪಂದ್ಯದಲ್ಲಿ ಹಾರಿಸುವ ಬಿಲ್ಲೆಯ ವ್ಯಾಸ ೧೧ ಸೆಂಟಿಮೀಟರು. ಶೇಕಡ ೬೦ ಚರೆಗಳು ವೃತ್ತದಲ್ಲಿ ಸಮನಾಗಿ ಹರಡಿ, ಬಿಲ್ಲೆಯ ಅಗಲದ ಮೈ ನಮ್ಮ ಕಡೆಗಿದ್ದರೆ ಅದಕ್ಕೆ ಸರಾಸರಿ ನಾಲ್ಕು ಚರೆಗಳು ತಗಲುತ್ತವೆ. ಒಂದೂ ತಗಲದೆ ಹೋಗುವ ಸಂಭವ ನೂರಕ್ಕೆ ಎರಡು. ಶೇಕಡ ೪೦ಕ್ಕೆ ಇಳಿದರೆ ಆ ಸಂಭವ ನೂರಕ್ಕೆ ಎಂಟು. ಗುರಿ ಸರಿಯಾಗಿದ್ದರೂ ಬಿಲ್ಲೆ ಉಳಿಯುವ ಗುಟ್ಟು ಇದೇ. ಇದನ್ನು ನೋಡಲು ಕೋವಿ ಬೇಕಿಲ್ಲ. ನೆಲದ ಮೇಲೆ ೭೬ ಸೆಂಟಿಮೀಟರಿನ ವೃತ್ತವೆಳೆದು ಅದರೊಳಗೆ ೧೮೦ ಸಾಸಿವೆ ಕಾಳುಗಳನ್ನು ಚೆಲ್ಲಿ, ೧೧ ಸೆಂಟಿಮೀಟರಿನ ರಟ್ಟಿನ ಬಳೆಯನ್ನು ಅಲ್ಲಲ್ಲಿ ಇಟ್ಟು ಒಳಗಿನ ಕಾಳುಗಳನ್ನು ಎಣಿಸಿರಿ. ಕೆಲವೆಡೆ ಏಳೆಂಟು, ಕೆಲವೆಡೆ ಒಂದೂ ಇಲ್ಲ. ಸರಾಸರಿಯ ಹಿಂದೆ ಎಷ್ಟು ಏರಿಳಿತ ಅಡಗಿರುವುದೆಂಬುದು ಆಗ ಕಣ್ಣಿಗೆ ಕಾಣುತ್ತದೆ.

ಹಳೆಯ ನಳಿಗೆ, ಹೊಸ ಮದ್ದು

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ತೋಟಾ ಸಿಡಿದಾಗ ನಳಿಗೆಯ ಬುಡದಲ್ಲಿ ಗಾಳಿಯ ಒತ್ತಡದ ಸುಮಾರು ೭೦೦ ಪಟ್ಟು ಒತ್ತಡ ಏಳಬಹುದು. ೧೮.೫ ಮಿಲಿಮೀಟರಿನ ನಳಿಗೆಯಲ್ಲಿ ಇದು ಅಗುಳಿಯ ಮೇಲೆ ಎರಡು ಟನ್ನಿಗೆ ಹತ್ತಿರದ ಭಾರವನ್ನು ಹೊರಿಸಿದಂತೆ. ಹೊಸ ಕೋವಿಯನ್ನು ಇದಕ್ಕೆಂದೇ ಪರೀಕ್ಷಿಸಿರುತ್ತಾರೆ. ಲಂಡನ್ನಿನ ಕೋವಿಗಾರರ ಸಂಘವು ೧೬೩೭ರಲ್ಲಿ ಸನ್ನದು ಪಡೆಯಿತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹವು ೧೮೧೩ರಲ್ಲಿ ಸ್ಥಾಪಿತವಾಯಿತು. ಇಂದಿನ ಅಂತರರಾಷ್ಟ್ರೀಯ ನಿಯಮದಂತೆ ೭೪೦ ಬಾರ್ ಒತ್ತಡದ ಸಾಮಾನ್ಯ ಹನ್ನೆರಡು ಬೋರಿನ ಕೋವಿಯನ್ನು ೯೩೦ ಬಾರ್ ಒತ್ತಡದಲ್ಲಿ ಪರೀಕ್ಷಿಸಿ, ತಡೆದುಕೊಂಡರೆ ಮುದ್ರೆ ಒತ್ತುವರು.

ಆದರೆ ಮುದ್ರೆಯು ಆ ಕಾಲದ ಮದ್ದಿಗೆ ಕೊಟ್ಟ ಸಾಕ್ಷಿ. ಕರಿಮದ್ದಿನ ಕಾಲದಲ್ಲಿ ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಸುತ್ತಿ, ಬಡಿದು ಮಾಡಿದ ಚಿತ್ತಾರದ ನಳಿಗೆಗಳು ಉಂಟು. ೧೮೮೪ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಮೇಲೆ ಒತ್ತಡದ ಲೆಕ್ಕವೇ ಬದಲಾಯಿತು. ಹಳೆಯ ಬೆಸುಗೆಯ ಒಳಗೆ ಹಿಡಿದ ತುಕ್ಕು ಹೊರಗೆ ಕಾಣದು.

ಉದ್ದದಲ್ಲಿ ಇನ್ನೊಂದು ಅಪಾಯವಿದೆ. ಹಳೆಯ ಕೋವಿಗಳಲ್ಲಿ ತೋಟಾ ಕೂರುವ ಗೂಡು ಬಹುಮಟ್ಟಿಗೆ ೬೫ ಮಿಲಿಮೀಟರಿನದು; ಇಂದಿನ ಸಾಮಾನ್ಯ ತೋಟಾ ೭೦ ಮಿಲಿಮೀಟರಿನದು. ಹಾಗಾದರೆ ಉದ್ದದ ತೋಟಾ ಒಳಗೆ ಹೋಗಲೇಬಾರದಷ್ಟೆ? ಹೋಗುತ್ತದೆ! ೭೦ ಎಂಬುದು ಸಿಡಿದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಮಡಿಚಿದ ತೋಟಾ ಅದಕ್ಕಿಂತ ಗಿಡ್ಡವಾಗಿದ್ದು ಹಳೆಯ ಗೂಡಿನಲ್ಲಿ ನೆಮ್ಮದಿಯಾಗಿ ಕೂರುತ್ತದೆ. ಸಿಡಿದಾಗ ಬಿಚ್ಚಿದ ಅಂಚು ಗೂಡಿನ ಮುಂದಿನ ಇಕ್ಕಟ್ಟಿನಲ್ಲಿ ಸಿಕ್ಕಿ ಚರೆಯ ದಾರಿಯನ್ನು ಕಿರಿದು ಮಾಡುತ್ತದೆ, ಒತ್ತಡ ಏರುತ್ತದೆ. ಹಾಗೆಯೇ ಇಪ್ಪತ್ತು ಬೋರಿನ ತೋಟಾವು ಹನ್ನೆರಡು ಬೋರಿನ ಗೂಡಿನೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಮತ್ತೊಂದನ್ನು ತುಂಬಿ ಹೊಡೆದರೆ ನಳಿಗೆ ಸೀಳಿಹೋಗುವುದು. ಇದನ್ನು ತಡೆಯಲೆಂದೇ ಇಪ್ಪತ್ತು ಬೋರಿನ ತೋಟಾಕ್ಕೆ ಹಳದಿ ಬಣ್ಣ ಕೊಡುವರು. ಸೀಸದ ವಿಷವನ್ನು ತಪ್ಪಿಸಲು ಅಮೆರಿಕವು ೧೯೯೧ರಿಂದ ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನು ನಿಷೇಧಿಸಿತು. ಅದರ ಬದಲಿಗೆ ಬಂದ ಉಕ್ಕಿನ ಚರೆ ನೆಲಕ್ಕೂ ನೀರಿಗೂ ಹಿತ. ಬಿಗಿಬಾಯಿಯ ಹಳೆಯ ನಳಿಗೆಗೆ ಮಾತ್ರ ಹಿತವಲ್ಲ.

ಸ್ವಯಂಚಾಲಿತ ಕೋವಿಯು ತೋಟಾ ಹೊಂದದಾಗ ನಿಂತು ಎಚ್ಚರಿಸುತ್ತದೆ. ಹಳೆಯ ಜೋಡುನಳಿಗೆಗೆ ಆ ನಾಲಗೆಯಿಲ್ಲ. ನಿನ್ನೆಯವರೆಗೆ ಹತ್ತು ತೋಟಾಗಳನ್ನು ತಾಳಿಕೊಂಡಿತೆಂಬುದು ಹನ್ನೊಂದನೆಯದಕ್ಕೆ ಸಾಕ್ಷಿಯಾಗಲಾರದೆಂದು ಮೇಲಿನ ಗಣಿತವೇ ತೋರಿಸಿದೆ. ಆದುದರಿಂದ ಬಲ್ಲ ಕೋವಿ ಕೆಲಸಗಾರನು ಗೂಡಿನ ಉದ್ದವನ್ನು ಅಳೆದು, ನಳಿಗೆಯ ಗೋಡೆಯನ್ನು ನೋಡಿ, ಮುದ್ರೆಯನ್ನು ಓದಿ ಹೇಳುವವರೆಗೆ ಅಂಥ ಕೋವಿಯನ್ನು ಹೂವಿಗೂ ಪೂಜೆಗೂ ಮೀಸಲಾಗಿಡುವುದು ಲೇಸು. ಒಳ್ಳೆಯ ಕೋವಿ, ಒಳ್ಳೆಯ ತೋಟಾ ಎಂದು ಬೇರೆ ಬೇರೆಯಾಗಿ ಹೇಳುವ ಮಾತಿಗೆ ವಿಜ್ಞಾನದಲ್ಲಿ ಅರ್ಥ ಕಡಮೆ. ಪರೀಕ್ಷೆಯು ಕೊಡುವ ತೀರ್ಪು ಯಾವಾಗಲೂ ಜೋಡಿಗೆ ಸೇರಿದ್ದು. ಜೋಡಿಯಲ್ಲಿ ಒಂದು ಬದಲಾದರೆ ಪರೀಕ್ಷೆಯೂ ಮತ್ತೆ ಮೊದಲಿನಿಂದ.